ಸುಡುಗಾಡು

ಕರೆಂಟು ಹೋದರೆ ‘ಎಂಥ ಸುಡುಗಾಡೋ’ ಎನ್ನುತ್ತೇವೆ. ಕಚೇರಿಯಲ್ಲಿ ಹತ್ತೆಂಟು ಕಾಗದ ಕೇಳಿದರೆ ‘ಅದೂ ಇದೂ ಸುಡುಗಾಡು ಶುಂಠಿ’ ಎಂದು ಗೊಣಗುತ್ತೇವೆ. ಹಗಲೆಲ್ಲ ಹೀಗೆ ಧಾರಾಳವಾಗಿ ಆಡುವ ಮಾತು ದೀಪ ಹಚ್ಚುವ ಹೊತ್ತಿಗೆ ಮಕ್ಕಳ ಬಾಯಲ್ಲಿ ಬಂತೋ, ಹಿರಿಯರು ‘ಬಿಡ್ತು ಅನ್ನು’ ಎಂದು ಗದರುತ್ತಾರೆ.

ಸುಡು, ಕಾಡು ಎರಡೂ ಕೂಡಿ ಆದ ಪದ ಇದು. ತಮಿಳರಲ್ಲಿ ಸುಡುವ ಜಾಗ ಸುಡುಕಾಡು, ಹೂಳುವ ಜಾಗ ಇಡುಕಾಡು. ನಮ್ಮ ಆಡುಮಾತಿಗೆ ಈ ಭೇದ ಬೇಕಾಗಿಲ್ಲ. ಲಿಂಗಾಯತರು ಹೂಳುವವರು, ಇನ್ನೂ ಎಷ್ಟೋ ಸಮುದಾಯಗಳಲ್ಲಿ ‘ಮಣ್ಣಿಗೆ ಹೋಗಿದ್ದೆ’ ಎಂದರೆ ಸತ್ತವರನ್ನು ಕಳಿಸಿ ಬಂದೆ ಎಂದೇ ಅರ್ಥ. ಆದರೂ ಆ ಜಾಗ ಸುಡುಗಾಡೇ. ಪದದೊಳಗಿನ ಕಾಡು ಗಾದೆಯಲ್ಲೂ ಇದೆ: ಊರು ಹೋಗು ಅನ್ನುತ್ತೆ, ಕಾಡು ಬಾ ಅನ್ನುತ್ತೆ.

ಆ ಕಾಡಿನ ತುಂಬ ಕತೆಗಳು. ಕತ್ತಲಲ್ಲಿ ತೂಗಾಡುತ್ತ ಹೋಗುವ ಕೊಳ್ಳಿದೆವ್ವ, ಪಾದ ಹಿಂದುಮುಂದಾದ ಹೆಂಗಸು, ಮಾಂತ್ರಿಕ ಮೊಳೆ ಹೊಡೆದು ಕಟ್ಟಿಹಾಕಿದ ಹುಣಸೆಮರ. ಎಲ್ಲಕ್ಕಿಂತ ನನ್ನನ್ನು ಕಾಡುವುದು ಪಂಥ ಕಟ್ಟಿದವನ ಕತೆ. ದೆವ್ವವೂ ಇಲ್ಲ, ಗಿವ್ವವೂ ಇಲ್ಲ ಎಂದವನಿಗೆ ಗೆಳೆಯರು, ಹಾಗಾದರೆ ಅಮಾವಾಸ್ಯೆ ರಾತ್ರಿ ಹೊಸ ಗುಂಡಿಯ ಮೇಲೆ ಗೂಟ ಹೊಡೆದು ಬಾ ಎನ್ನುತ್ತಾರೆ. ಅವನು ಹೋಗಿ ಕುಕ್ಕರುಗಾಲಲ್ಲಿ ಕೂತು ಗೂಟ ಹೊಡೆಯುತ್ತಾನೆ. ಏಳಲು ಹೋದರೆ ಪಂಚೆಯನ್ನು ಯಾರೋ ಹಿಡಿದು ಎಳೆಯುತ್ತಾರೆ. ಬೆಳಗ್ಗೆ ಊರವರು ಬಂದು ನೋಡಿದರೆ ಹೆಣ, ಪಂಚೆಯ ಅಂಚಿನ ಮೇಲೆ ಅವನೇ ಹೊಡೆದ ಗೂಟ. ಈ ಕತೆ ಹೇಳುವ ಪ್ರತಿ ಊರೂ ಅದು ನಮ್ಮಲ್ಲೇ ನಡೆದದ್ದು ಎನ್ನುತ್ತದೆ. ದೂರದ ದೇಶಗಳಲ್ಲೂ ಹಾಗೇ ಹೇಳುತ್ತಾರೆ. ದೆವ್ವವೇ ಕಾಣಿಸಿಕೊಳ್ಳದ ಇದಕ್ಕಿಂತ ಒಳ್ಳೆಯ ದೆವ್ವದ ಕತೆ ನನಗೆ ಗೊತ್ತಿಲ್ಲ.

ಆ ಭಯ ಎಲ್ಲರಿಗೂ ಒಂದೇ ತೆರನಲ್ಲ. ಬೆಂಗಳೂರಿನ ಕೊಳೆಗೇರಿಯಲ್ಲಿ ಬೆಳೆದ ಕವಿ ಸಿದ್ಧಲಿಂಗಯ್ಯನವರಿಗೆ ಓದಲು ಸಿಕ್ಕ ಪ್ರಶಾಂತ ಜಾಗವೇ ಸ್ಮಶಾನ. ‘ಊರುಕೇರಿ’ಯಲ್ಲಿ ಅದನ್ನು ಪ್ರೀತಿಯಿಂದ ನೆನೆದಿದ್ದಾರೆ. 2014ರ ಡಿಸೆಂಬರ್ 6ರಂದು, ಅಂಬೇಡ್ಕರ್ ಪರಿನಿಬ್ಬಾಣದ ದಿನ, ರಾಜಕಾರಣಿ ಸತೀಶ್ ಜಾರಕಿಹೊಳಿ ಈ ಭಯ ಮೂಢನಂಬಿಕೆಯೆಂದು ತೋರಿಸಲು ಬೆಳಗಾವಿಯ ಸದಾಶಿವನಗರದ ಸ್ಮಶಾನದಲ್ಲಿ ರಾತ್ರಿ ಕಳೆದರು. ಇನ್ನೂ ಹಿಂದೆ, ಹನ್ನೆರಡನೆಯ ಶತಮಾನದಲ್ಲಿ, ಗಜೇಶ ಮಸಣಯ್ಯ ಎಂಬ ವಚನಕಾರನಿದ್ದ. ಮಸಣವೆಂದರೆ ಸ್ಮಶಾನವೇ. ಶಿವ ಇರುವ ಜಾಗವೆಂದು ಅದನ್ನು ಹೆಸರಾಗಿ ಇಟ್ಟುಕೊಳ್ಳಲು ಆಗ ಅಂಜಿಕೆ ಇರಲಿಲ್ಲ.

ಈಗ ಗೇಟಿನ ಮೇಲೆ ಬರೆಸುವುದು ರುದ್ರಭೂಮಿ, ಮುಕ್ತಿಧಾಮ, ಶಾಂತಿಧಾಮ. ಸುಡುಗಾಡು ಎಂದು ಬರೆದ ಫಲಕ ನಾನೊಂದೂ ಕಂಡಿಲ್ಲ. ಸರ್ಕಾರ ಅದನ್ನು ಅಚ್ಚುಹಾಕುವುದು ಬೇರೆ ಕಡೆ: ಕರ್ನಾಟಕದ ಪರಿಶಿಷ್ಟ ಜಾತಿಗಳ ಪಟ್ಟಿಯಲ್ಲಿ ‘ಸುಡುಗಾಡು ಸಿದ್ಧ’ ಎಂಬ ಹೆಸರಿದೆ. ಊರೂರು ತಿರುಗಿ ಕೈಚಳಕ ತೋರಿಸಿ, ಕೊಟ್ಟದ್ದು ಪಡೆದು ಬದುಕಿದ ಅಲೆಮಾರಿಗಳು ಇವರು. ಸುಡುಗಾಡಿನ ವಿದ್ಯೆ ಬಲ್ಲವರೆಂಬ ಅಂಜಿಕೆಗೇ ಎಷ್ಟೋ ಮನೆಗಳಲ್ಲಿ ಭಿಕ್ಷೆ ನೀಡುತ್ತಿದ್ದರು. ಆ ಅಂಜಿಕೆಯಿಂದ ಒಂದು ಹೊತ್ತಿನ ಹಿಟ್ಟು ಹುಟ್ಟುತ್ತಿತ್ತು, ನಿಜ. ಜಗಲಿಯ ಮೇಲೆ ಕೂರಿಸಿಕೊಳ್ಳದಿರುವುದಕ್ಕೂ ಅದೇ ಕಾರಣವಾಗುತ್ತಿತ್ತು. ಇಂದು ಅವರ ಮಕ್ಕಳು ಶಾಲೆಗೆ ಸೇರುವಾಗ ಕೊಡುವ ಜಾತಿ ಪ್ರಮಾಣಪತ್ರದಲ್ಲಿರುವುದೂ, ಪಕ್ಕದ ಬೆಂಚಿನ ಹುಡುಗ ಪೆನ್ಸಿಲ್ ಮುರಿದಾಗ ಬೈಯುವುದೂ ಒಂದೇ ಪದ. ಆ ಪ್ರಮಾಣಪತ್ರ ಹಿಡಿದ ಮಗು ಎದುರಿಗಿರುವಾಗ ‘ಸುಡುಗಾಡು’ ಎಂದು ಬೈಯಲು ನನ್ನ ನಾಲಿಗೆ ಏಳುವುದಿಲ್ಲ.