ಗಿಟಾರಿನ ಜೊತೆ ಶರೀಫಜ್ಜ

ಹಾವೇರಿ, ಬ್ಯಾಡಗಿ, ರಾಣೆಬೆನ್ನೂರು. ಹುಬ್ಬಳ್ಳಿಯಿಂದ ದಾವಣಗೆರೆಗೆ ಹೋಗುವ ರೈಲುದಾರಿಯಲ್ಲಿ ಒಂದರ ಹಿಂದೊಂದು ಬರುವ ಊರುಗಳಿವು. ಈ ಸೀಮೆಯ ನಮಗೆ ಶಿಶುನಾಳ ಶರೀಫರನ್ನು ಯಾರೂ ಹೊಸದಾಗಿ ಪರಿಚಯಿಸಬೇಕಿಲ್ಲ. ಏಕತಾರಿ, ದಮ್ಮಡಿ, ತಾಳ ಹಿಡಿದ ಭಜನಾ ಮೇಳದವರ ಬಾಯಲ್ಲಿ ಶರೀಫಜ್ಜನ ಪದಗಳನ್ನು ಕೇಳುತ್ತಲೇ ಬೆಳೆದವರು ನಾವು. ಅದೇ ಪದ ಗಿಟಾರು, ಡ್ರಮ್ಸುಗಳ ಅಬ್ಬರದೊಂದಿಗೆ ಇಂಗ್ಲೆಂಡಿನ ವೇದಿಕೆ ಏರಿದ್ದನ್ನು ಹೇಗೆ ನೋಡಬೇಕು? ಹೆಮ್ಮೆಪಡುವ ಇಲ್ಲವೇ ಮೂಗು ಮುರಿಯುವ ಮೊದಲು, ಆ ಪದಗಳು ನಡೆದುಬಂದ ದಾರಿಯನ್ನು ಒಮ್ಮೆ ನೋಡುವುದು ಒಳ್ಳೆಯದು.

ಶರೀಫರು ಬದುಕಿದ್ದು 1819ರಿಂದ 1889ರವರೆಗೆ. ಆಗ ಧಾರವಾಡ ಸೀಮೆಗೆ ಸೇರಿದ್ದ ಶಿಶುನಾಳ, 1997ರಲ್ಲಿ ಹಾವೇರಿ ಜಿಲ್ಲೆಯಾದ ಮೇಲೆ ನಮ್ಮ ಜಿಲ್ಲೆಯದಾಯಿತು. ಮುಲ್ಕಿ ಪರೀಕ್ಷೆ ಪಾಸಾಗಿ ಮಾಸ್ತರರಾಗಿದ್ದ ಶರೀಫರು ಆ ಕೆಲಸ ಬಿಟ್ಟು ಕಳಸದ ಗೋವಿಂದ ಭಟ್ಟರ ಶಿಷ್ಯರಾದರು. ಅವರ ಪದಗಳು ಬಾಯಿಂದ ಬಾಯಿಗೆ ದಾಟಿ ಉಳಿದವು. ಮುಂದೆ ಸಿ. ಅಶ್ವತ್ಥ್ ಅವುಗಳಿಗೆ ಹೊಸ ರಾಗ ಕೂಡಿಸಿ ಕ್ಯಾಸೆಟ್ಟಿಗೆ ತಂದರು. 1990ರಲ್ಲಿ ಟಿ.ಎಸ್. ನಾಗಾಭರಣ ನಿರ್ದೇಶಿಸಿದ ಸಿನಿಮಾ ಅವನ್ನು ನಾಡಿನ ಮನೆಮನೆಗೆ ಮುಟ್ಟಿಸಿತು. ಇಂದು ನಾವು 'ಹಳೆಯ ಧಾಟಿ' ಎಂದುಕೊಂಡಿರುವ ಅಶ್ವತ್ಥರ ಧಾಟಿಯೂ ಒಂದು ಕಾಲಕ್ಕೆ ಹೊಸದೇ ಆಗಿತ್ತು.

ಮೈಸೂರಿನಲ್ಲಿ ಬೆಳೆದ ರಘು ದೀಕ್ಷಿತ್ ಓದಿದ್ದು ಸೂಕ್ಷ್ಮಾಣುಜೀವಿ ವಿಜ್ಞಾನ, ಕಲಿತದ್ದು ಭರತನಾಟ್ಯ. 'ಅಂತರಾಗ್ನಿ' ಎಂಬ ತಂಡ ಕಟ್ಟಿ, ಅದು ಚದುರಿದ ಮೇಲೆ 'ರಘು ದೀಕ್ಷಿತ್ ಪ್ರಾಜೆಕ್ಟ್' ಆರಂಭಿಸಿದರು. 2008ರಲ್ಲಿ ಬಂದ ಮೊದಲ ಆಲ್ಬಮ್ಮಿನಲ್ಲಿ ಶರೀಫರ ಗುಡುಗುಡಿಯ ಪದವಿತ್ತು. 2010ರಲ್ಲಿ ತಂಡ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿತು, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವಕ್ಕೆ ಹೋಯಿತು. 2013ರ 'ಜಗ್ ಚಂಗಾ' ಆಲ್ಬಮ್ಮಿನಲ್ಲಿ 'ಲೋಕದ ಕಾಳಜಿ' ಸೇರಿತು. ಲುಂಗಿ ಉಟ್ಟು, ಗೆಜ್ಜೆ ಕಟ್ಟಿ ಹಾಡುವ ಈ ಗಾಯಕನ ಮೂಲಕ ನಮ್ಮ ಸೀಮೆಯ ಮಾತು ಕನ್ನಡವೇ ತಿಳಿಯದವರ ಕಿವಿಗೂ ಬಿತ್ತು.

ಎರಡು ಸಂಗೀತಗಳನ್ನು ಹೀಗೆ ಬೆಸೆಯುವುದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. 1996ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ 'ನೈಟ್‌ವಿಶ್' ತಂಡ ಅಬ್ಬರದ ಮೆಟಲ್ ಸಂಗೀತಕ್ಕೆ ಒಪೆರಾ ಕಂಠವನ್ನು ಜೋಡಿಸಿತು. 2004ರ 'ವನ್ಸ್' ಆಲ್ಬಮ್ಮಿಗೆ ಲಂಡನ್ನಿನ ವಾದ್ಯವೃಂದವನ್ನೇ ಕರೆಸಿಕೊಂಡಿತು. ಇದನ್ನೇ ಸಿಂಫೊನಿಕ್ ಮೆಟಲ್ ಎನ್ನುತ್ತಾರೆ. ಅಲ್ಲಿ ನಾದವೇ ದೊಡ್ಡ ಗೋಡೆಯಂತೆ ಎದ್ದು ನಿಲ್ಲುತ್ತದೆ, ಗಾಯಕಿಯ ಕಂಠವೂ ಅದರೊಳಗಿನ ಒಂದು ಕಲ್ಲು. ತತ್ವಪದದ ದಾರಿ ಬೇರೆ. ಇಲ್ಲಿ ಮಾತೇ ಯಜಮಾನ, ವಾದ್ಯ ಆಳು. ರಘು ದೀಕ್ಷಿತರ ತಂಡದಲ್ಲಿ ವಯಲಿನ್, ಗಿಟಾರು, ಡ್ರಮ್ಸು ಜೋರಾಗಿಯೇ ಇದ್ದರೂ, ಹಾಡು ಗೆಲ್ಲುವುದು ಅವು ಹಿಂದೆ ಸರಿದು ಪದಕ್ಕೆ ದಾರಿ ಬಿಟ್ಟಾಗ.

ಬ್ಯಾಡಗಿ ಮೆಣಸಿನಕಾಯಿ ಹೆಸರಾದದ್ದು ಬಣ್ಣಕ್ಕೆ, ಖಾರ ಅದರಲ್ಲಿ ಕಡಿಮೆ. ಅಡಿಗೆಗೆ ಅದು ಗುಣವೇ. ಆದರೆ ಶರೀಫರ ಪದಕ್ಕೆ ಬಣ್ಣವಷ್ಟೇ ಸಾಲದು. ಗುಡುಗುಡಿಯ ಪದ ತಂಬಾಕಿನ ಹಾಡಲ್ಲ. ಮನಸ್ಸು, ಬುದ್ಧಿಗಳನ್ನೇ ಗುಡುಗುಡಿಯ ಸಾಮಾನಾಗಿಸಿ ಒಳಗಿನ ಕೊಳೆ ಸುಡಲು ಹೇಳುವ ಪದ. ಆ ತಾಳಕ್ಕೆ ಕುಣಿಯುವ ಹುಡುಗನಿಗೆ ಈ ಅರ್ಥ ಹೇಳುವವರು ಯಾರು? ಆ ಹೊಣೆಯನ್ನು ಬೆಂಗಳೂರಿನ ಬ್ಯಾಂಡಿನ ತಲೆಗೆ ಕಟ್ಟಿ ನಾವು ಸುಮ್ಮನಿರುವುದು ನ್ಯಾಯವಲ್ಲ. ವರ್ಷಕ್ಕೊಮ್ಮೆ ಸೌಹಾರ್ದದ ಭಾಷಣದಲ್ಲಿ ಶರೀಫಜ್ಜನ ಹೆಸರೆತ್ತಿ, ಉಳಿದ ದಿನ ಮರೆಯುವವರು ನಾವೇ ಅಲ್ಲವೇ? ಗಿಟಾರಿನಿಂದ ಅವರ ಪದಗಳು ಕೆಡುವುದಿಲ್ಲ. ಅವರ ಸ್ವಂತ ಸೀಮೆಯಲ್ಲಿ ಅರ್ಥ ಬಲ್ಲವರು ಇಲ್ಲವಾದರೆ ಮಾತ್ರ ಕೆಡುತ್ತವೆ.