ಮದ್ದಿನ ಅಂಗಡಿಯಲ್ಲಿ ಮಾತು: ಫಾರ್ಮಸಿಸ್ಟರಿಂದ ನಾವು ಕೇಳಿ ತಿಳಿಯಬೇಕಾದುದು

ಚೀಟಿ ನೋಡಿ ಮದ್ದು ಕೊಡುವುದಷ್ಟೇ ಫಾರ್ಮಸಿಸ್ಟರ ಕೆಲಸವೆಂದು ನಮ್ಮಲ್ಲಿ ಅನೇಕರು ಭಾವಿಸಿದ್ದೇವೆ. ಆದರೆ ಭಾರತೀಯ ಫಾರ್ಮಸಿ ಪರಿಷತ್ತಿನ 2015ರ ವೃತ್ತಿ ನಿಯಮಾವಳಿಯು ರೋಗಿಗೆ ತಿಳಿವಳಿಕೆ ನೀಡುವುದನ್ನೂ ನೋಂದಾಯಿತ ಫಾರ್ಮಸಿಸ್ಟರ ಕರ್ತವ್ಯಗಳಲ್ಲಿ ಸೇರಿಸಿದೆ. ಔಷಧದ ಹೆಸರು, ಪ್ರಮಾಣ, ಸೇವಿಸುವ ಕ್ರಮ, ಅವಧಿ, ವಹಿಸಬೇಕಾದ ಎಚ್ಚರ, ಸಾಮಾನ್ಯ ಅಡ್ಡಪರಿಣಾಮ, ಕಾಪಿಡುವ ಬಗೆ, ಒಂದು ಹೊತ್ತು ತಪ್ಪಿದರೆ ಮಾಡಬೇಕಾದುದು ಇವೆಲ್ಲ ಈ ತಿಳಿವಳಿಕೆಯ ಅಂಗಗಳು.

ಕಾಸರಗೋಡು, ಮಂಜೇಶ್ವರ ತಾಲೂಕುಗಳಲ್ಲಿ ಇದಕ್ಕೆ ಭಾಷೆಯ ತೊಡಕೂ ಸೇರಿಕೊಳ್ಳುತ್ತದೆ. ಪೊಟ್ಟಣದ ಮೇಲಿನ ಬರಹ ಹೆಚ್ಚಾಗಿ ಇಂಗ್ಲಿಷಿನದು. ಅಂಗಡಿಯ ಮಾತು ಅನೇಕ ಕಡೆ ಮಲಯಾಳದ್ದು. ಮಲಯಾಳದಲ್ಲಿ 'ಮೂನ್ನು ನೇರಂ' ಎಂದರೆ ದಿನಕ್ಕೆ ಮೂರು ಹೊತ್ತು. ನಮ್ಮ 'ನೇರ'ಕ್ಕೆ ಆ ಅರ್ಥವಿಲ್ಲ. 'ಭಕ್ಷಣತ್ತಿನು ಶೇಷಂ' ಎಂದರೆ ಊಟವಾದ ಮೇಲೆ. ಕನ್ನಡದ ಕಿವಿಗೆ 'ಶೇಷ'ವೆಂದರೆ ಉಳಿದದ್ದು. ಪರಿಚಿತವೆನಿಸುವ ಇಂಥ ಪದಗಳೇ ಹೆಚ್ಚು ದಾರಿ ತಪ್ಪಿಸುತ್ತವೆ. ಚೀಟಿಯಲ್ಲಿ 1-0-1 ಎಂದಿದ್ದರೆ ಬೆಳಗ್ಗೆ ಒಂದು, ರಾತ್ರಿ ಒಂದು, ಮಧ್ಯಾಹ್ನ ಬೇಡ ಎಂದರ್ಥ.

ಮಕ್ಕಳ ಮದ್ದಿನಲ್ಲಿ ತಪ್ಪಿನ ಬೆಲೆ ದೊಡ್ಡದು. ಜ್ವರಕ್ಕೆ ಕೊಡುವ ಪ್ಯಾರಾಸಿಟಮಾಲ್ ಹನಿಮದ್ದು ಸಾಮಾನ್ಯವಾಗಿ 1 ಮಿ.ಲೀ.ಗೆ 100 ಮಿ.ಗ್ರಾಂ ಇದ್ದರೆ, ಸಿರಪ್ಪು 5 ಮಿ.ಲೀ.ಗೆ 125 ಮಿ.ಗ್ರಾಂ ಅಥವಾ 250 ಮಿ.ಗ್ರಾಂ ಇರುತ್ತದೆ. 125ರ ಸಿರಪ್ಪಿನ ಅಳತೆಯಲ್ಲೇ ಹನಿಮದ್ದನ್ನು ಕೊಟ್ಟರೆ ಮಗುವಿನ ಹೊಟ್ಟೆಗೆ ನಾಲ್ಕು ಪಟ್ಟು ಔಷಧ ಸೇರುತ್ತದೆ. ಅತಿಯಾದ ಪ್ಯಾರಾಸಿಟಮಾಲ್ ಯಕೃತ್ತಿಗೆ ಹಾನಿಕರ. ಅಡುಗೆಮನೆಯ ಚಮಚಗಳು ಒಂದೇ ಅಳತೆಯವಲ್ಲ. ಆದುದರಿಂದ ಬಾಟಲಿಯೊಡನೆ ಬರುವ ಅಳತೆಯ ಮುಚ್ಚಳವನ್ನೋ ಹನಿಕೊಳವೆಯನ್ನೋ ಬಳಸಬೇಕು. ಎಷ್ಟು ಗೆರೆಯವರೆಗೆ ಎಂಬುದನ್ನು ಫಾರ್ಮಸಿಸ್ಟರಿಂದ ಗುರುತು ಹಾಕಿಸಿಕೊಳ್ಳಬೇಕು.

ಅಂಗಡಿಯಿಂದ ಹೊರಡುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳೋಣ. ಈ ಮದ್ದು ಯಾವುದಕ್ಕೆ? ಎಷ್ಟು, ಯಾವಾಗ, ಎಷ್ಟು ದಿನ? ಏನಾದರೆ ವೈದ್ಯರನ್ನು ಕಾಣಬೇಕು? ಉತ್ತರ ಕೇಳಿದ ಮೇಲೆ ನಮಗೆ ಅರ್ಥವಾದುದನ್ನು ನಮ್ಮ ಮಾತಿನಲ್ಲೇ ಅವರಿಗೆ ತಿರುಗಿ ಹೇಳೋಣ. ತಪ್ಪಿದ್ದರೆ ಅಲ್ಲೇ ತಿದ್ದಿಯಾರು. ಹಾಗೆಯೇ ಮನೆಯಲ್ಲಿ ಸೇವಿಸುತ್ತಿರುವ ಇತರ ಮದ್ದು, ಅಲರ್ಜಿ, ಗರ್ಭಧಾರಣೆಯ ವಿಷಯಗಳನ್ನು ನಾವಾಗಿಯೇ ತಿಳಿಸಬೇಕು. ಅಜ್ಜ-ಅಜ್ಜಿಯರ ಮದ್ದಿಗೆ ಶಾಲೆಯ ಮಗುವನ್ನೇ ದುಭಾಷಿಯಾಗಿಸುವುದು ಸಲ್ಲದು. ಲೆಕ್ಕ ತಪ್ಪಿದರೆ ಅದರ ಹೊಣೆ ಮಗುವಿನ ಮೇಲೆ ಬೀಳಬಾರದು.

1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯು ಅಲ್ಪಸಂಖ್ಯಾತ ಪ್ರದೇಶದ ಕನ್ನಡಿಗರಿಗೆ ಸರ್ಕಾರಿ ಕಚೇರಿಗಳೊಡನೆ ಕನ್ನಡದಲ್ಲೇ ಪತ್ರವ್ಯವಹಾರ ನಡೆಸುವ ಅವಕಾಶ ನೀಡಿದೆ. ಸರ್ಕಾರಿ ಆಸ್ಪತ್ರೆಗಳ ಔಷಧ ವಿತರಣಾ ಕೇಂದ್ರಗಳಲ್ಲಿ ಕನ್ನಡ ಸೂಚನಾಫಲಕ ಬೇಕೆಂದು ಶಾಲಾ ರಕ್ಷಕ-ಶಿಕ್ಷಕ ಸಂಘಗಳು ಕನ್ನಡದಲ್ಲೇ ಮನವಿ ಬರೆಯಬಹುದು. ಖಾಸಗಿ ಅಂಗಡಿಗೆ ಆ ಕಾಯ್ದೆ ಅನ್ವಯಿಸದು. ಅಲ್ಲಿ ಪೊಟ್ಟಣದ ಮೇಲೆ 'ಬೆಳಗ್ಗೆ, ಮಧ್ಯಾಹ್ನ, ರಾತ್ರಿ' ಎಂದು ಕನ್ನಡದಲ್ಲಿ ಬರೆದುಕೊಡಿರೆಂದು ವಿನಯದಿಂದ ಕೇಳಬಹುದು. ಅವರಿಗೆ ಬಾರದಿದ್ದರೆ ಅವರೆದುರೇ ನಾವು ಬರೆದುಕೊಂಡು ಓದಿ ಹೇಳಬಹುದು.