ಬೂತಾಯಿಯ ಏರಿಳಿತ ಮತ್ತು ಮತ್ಸ್ಯಾಡಳಿತ: ಕನ್ನಡ ಕರಾವಳಿಯ ಅನುಭವ

ಕರ್ನಾಟಕದ ಸುಮಾರು 300 ಕಿ.ಮೀ. ಉದ್ದದ ಕರಾವಳಿಯ ಆರ್ಥಿಕ ಚರಿತ್ರೆಯಲ್ಲಿ ಬೂತಾಯಿಗೆ ವಿಶಿಷ್ಟ ಸ್ಥಾನವಿದೆ. ದಕ್ಷಿಣದಲ್ಲಿ ಬೂತಾಯಿ, ಕುಂದಾಪುರದ ಕಡೆ ಬೈಗೆ, ಉತ್ತರ ಕನ್ನಡದಲ್ಲಿ ತಾರ್ಲೆ ಎಂದು ಕರೆಯಲಾಗುವ ಈ ಸಣ್ಣ ಮೀನು ಬಡವರ ಆಹಾರವೂ ಹೌದು, ಎಣ್ಣೆ ಮತ್ತು ಗೊಬ್ಬರದ ಉದ್ಯಮಗಳ ಕಚ್ಚಾವಸ್ತುವೂ ಹೌದು. ಇದು ಹೇರಳವಾಗಿ ಬಂದ ವರ್ಷಗಳೂ ಬಹುತೇಕ ಕಾಣೆಯಾದ ವರ್ಷಗಳೂ ಚರಿತ್ರೆಯಲ್ಲಿ ಒಂದರ ಹಿಂದೊಂದು ಬಂದಿವೆ. ಈ ಏರಿಳಿತವನ್ನು ಆಡಳಿತ ಹೇಗೆ ಅರ್ಥೈಸಿತು ಎಂಬುದು ಹವಾಮಾನ ಬದಲಾವಣೆಯ ಕಾಲದ ಮತ್ಸ್ಯಯೋಜನೆಗೆ ನೇರವಾಗಿ ಸಂಬಂಧಿಸಿದ ಪ್ರಶ್ನೆಯಾಗಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ದಕ್ಷಿಣ ಕನ್ನಡ ಜಿಲ್ಲೆಯು ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. ಆ ಪ್ರಾಂತದಲ್ಲಿ ಮೀನುಗಾರಿಕೆಯ ಸರ್ಕಾರಿ ವ್ಯವಸ್ಥೆಗೆ ಬುನಾದಿ ಹಾಕಿದವರು ಫ್ರೆಡರಿಕ್ ನಿಕೋಲ್ಸನ್. ಮೀನೆಣ್ಣೆ ಮತ್ತು ಮೀನುಗೊಬ್ಬರದ ತಯಾರಿಕೆಯನ್ನು ಅವರು ಪಶ್ಚಿಮ ಕರಾವಳಿಯಲ್ಲಿ ಪ್ರೋತ್ಸಾಹಿಸಿದರು. ಅವರ ನಂತರ ಜೇಮ್ಸ್ ಹಾರ್ನೆಲ್ ಮತ್ತು ರಾಮಸ್ವಾಮಿ ನಾಯುಡು 1920ರ ದಶಕದಲ್ಲಿ ಬೂತಾಯಿಯ ಜೀವನಕ್ರಮವನ್ನು ಕುರಿತ ಅಧ್ಯಯನವನ್ನು ಪ್ರಕಟಿಸಿದರು. 1940ರ ದಶಕದಲ್ಲಿ ಇಳುವರಿ ತೀವ್ರವಾಗಿ ಕುಸಿದಾಗ, ಮರಿಮೀನು ಹಾಗೂ ಮೊಟ್ಟೆಯಿಡುವ ಮೀನಿನ ಅತಿಯಾದ ಬೇಟೆಯೇ ಕಾರಣವೆಂದು ಭಾವಿಸಿದ ಮದ್ರಾಸ್ ಸರ್ಕಾರ 1943ರಲ್ಲಿ ಕೆಲವು ಬಲೆಗಳ ಬಳಕೆಯ ಮೇಲೆ ನಿರ್ಬಂಧ ಹೇರಿತು. ಆದರೆ ಆ ದಶಕದುದ್ದಕ್ಕೂ ಇಳುವರಿ ಕ್ಷೀಣವಾಗಿಯೇ ಉಳಿಯಿತು. ಕೆಲವೇ ವರ್ಷಗಳಲ್ಲಿ ನಿರ್ಬಂಧವನ್ನು ಹಿಂತೆಗೆಯಲಾಯಿತು. 1950ರ ದಶಕದಲ್ಲಿ ಮೀನು ಮತ್ತೆ ಕಾಣಿಸಿಕೊಂಡಿತು.

ಆಗ ದೋಣಿಗಳಿಗೆ ಯಂತ್ರವಿರಲಿಲ್ಲ. ದಡದಿಂದ ಎಳೆಯುವ ರಂಪಣಿಯೇ ಇಲ್ಲಿನ ದೊಡ್ಡ ಬಲೆಯಾಗಿತ್ತು. ಆದ್ದರಿಂದ ಕುಸಿತದ ಹೊಣೆಯನ್ನೆಲ್ಲ ಬಲೆಯ ಮೇಲೆ ಹೊರಿಸಿದ್ದು ಅಪೂರ್ಣ ನಿದಾನವಾಗಿತ್ತು. ನೈಋತ್ಯ ಮಾರುತದ ತಿಂಗಳುಗಳಲ್ಲಿ ಕರಾವಳಿಯ ಸಮೀಪ ತಂಪಾದ, ಪೋಷಕಾಂಶಭರಿತವಾದ ತಳನೀರು ಮೇಲೇರುತ್ತದೆ. ಅದರಿಂದ ಬೂತಾಯಿಯ ಆಹಾರವಾದ ಸೂಕ್ಷ್ಮ ಸಸ್ಯಗಳು ಹುಲುಸಾಗಿ ಬೆಳೆಯುತ್ತವೆ. ಬೂತಾಯಿಯ ಆಯುಸ್ಸು ಎರಡೂವರೆ ವರ್ಷದಷ್ಟು ಮಾತ್ರ. ಆದಕಾರಣ ಒಂದೆರಡು ವರ್ಷ ಮಳೆಯೋ ನೀರಿನ ಉಷ್ಣತೆಯೋ ವ್ಯತ್ಯಯಗೊಂಡರೆ ಸಂತತಿ ಬೇಗನೆ ಕ್ಷೀಣಿಸುತ್ತದೆ, ಅನುಕೂಲ ಒದಗಿದರೆ ಅಷ್ಟೇ ಬೇಗ ಚೇತರಿಸಿಕೊಳ್ಳುತ್ತದೆ.

1970ರ ದಶಕದ ಮಧ್ಯಭಾಗದಲ್ಲಿ ಪರ್ಸೀನ್ ಬಲೆಯ ಪ್ರವೇಶದಿಂದ ಪರಿಸ್ಥಿತಿ ಬದಲಾಯಿತು. ಹತ್ತಾರು ಮಂದಿ ಕೂಡಿ ಎಳೆದು ಪಾಲು ಹಂಚಿಕೊಳ್ಳುತ್ತಿದ್ದ ರಂಪಣಿ ಕೂಟಗಳು ಕೆಲವೇ ವರ್ಷಗಳಲ್ಲಿ ಹಿಂದೆ ಸರಿದವು. ಸಾಂಪ್ರದಾಯಿಕ ಮತ್ತು ಯಾಂತ್ರಿಕ ಮೀನುಗಾರರ ನಡುವಣ ಸಂಘರ್ಷದ ಹಿನ್ನೆಲೆಯಲ್ಲಿ 1986ರಲ್ಲಿ ಕರ್ನಾಟಕ ಸಮುದ್ರ ಮೀನುಗಾರಿಕೆ ನಿಯಂತ್ರಣ ಅಧಿನಿಯಮ ಜಾರಿಗೆ ಬಂದಿತು. 1943ರಲ್ಲಿ ಅಪೂರ್ಣವಾಗಿದ್ದ ನಿದಾನವು ಈ ಘಟ್ಟದಲ್ಲಿ ಬಹುಮಟ್ಟಿಗೆ ಸತ್ಯವಾಗತೊಡಗಿತು. ಬಲೆಯ ಪಾಲು ಈಗ ನಿಜವಾಗಿಯೂ ದೊಡ್ಡದಾಗಿತ್ತು.

ಇದೇ ಕಾಲದಲ್ಲಿ ಕಡಲೂ ಬದಲಾಗುತ್ತಿತ್ತು. 1951ರಿಂದ 2015ರ ಅವಧಿಯಲ್ಲಿ ಉಷ್ಣವಲಯದ ಹಿಂದೂ ಮಹಾಸಾಗರದ ಮೇಲ್ಮೈ ಉಷ್ಣತೆ ಸುಮಾರು 1 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿತು. 1947ರಲ್ಲಿ ಸ್ಥಾಪನೆಗೊಂಡ ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ದಶಕಗಳ ಕಾಲ ಕಲೆಹಾಕಿದ ಅಂಕಿಅಂಶಗಳು ಎರಡು ಪಲ್ಲಟಗಳನ್ನು ತೋರಿಸುತ್ತವೆ. 1980ರ ದಶಕದ ಮಧ್ಯಭಾಗದವರೆಗೆ ಮುಖ್ಯವಾಗಿ ಕೇರಳ ಮತ್ತು ಕರ್ನಾಟಕದ ತೀರಕ್ಕೆ ಸೀಮಿತವಾಗಿದ್ದ ಬೂತಾಯಿ ಉತ್ತರಕ್ಕೂ ಪೂರ್ವ ಕರಾವಳಿಗೂ ವಿಸ್ತರಿಸಿತು. ಮೇಲ್ನೀರಿನ ಮೀನಾದ ಬಂಗುಡೆಯು ತಳ ಸವರುವ ಟ್ರಾಲ್ ಬಲೆಗಳಲ್ಲಿಯೂ ಹೆಚ್ಚಾಗಿ ಸಿಗತೊಡಗಿತು.

ಈ ಎರಡು ಕಾರಣಗಳೂ ಕೂಡಿದಾಗಿನ ಅನಿಶ್ಚಿತತೆಗೆ ನೆರೆಯ ಕೇರಳವೇ ಸಾಕ್ಷಿ. ಅಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಇದ್ದ ಬೂತಾಯಿಯ ಇಳುವರಿ 2021ರಲ್ಲಿ 3,297 ಟನ್ನಿಗೆ ಇಳಿಯಿತು. ಅನಂತರ ಮತ್ತೆ ಲಕ್ಷ ಟನ್ ದಾಟಿತು. ಕರ್ನಾಟಕದ ಬಂದರುಗಳಲ್ಲಿ ‘ಮತ್ಸ್ಯಕ್ಷಾಮ’ ಎಂಬ ಮಾತು ಸಾಮಾನ್ಯವಾಗಿರುವುದಕ್ಕೆ ಇಂತಹ ಅನಿಶ್ಚಿತತೆಯೇ ಹಿನ್ನೆಲೆ.

ಯೋಜನೆಯ ಕ್ರಮಗಳು ಇಲ್ಲದಿಲ್ಲ. ಹವಾಮಾನಕ್ಕೆ ಹೊಂದಿಕೊಳ್ಳುವ ಕೃಷಿಯ ರಾಷ್ಟ್ರೀಯ ಯೋಜನೆ 2011ರಲ್ಲಿ ಆರಂಭವಾದಾಗ ಸಮುದ್ರ ಮೀನುಗಾರಿಕೆಯೂ ಅದರ ಅಧ್ಯಯನವ್ಯಾಪ್ತಿಗೆ ಸೇರಿತು. 2015ರಿಂದ ಪಶ್ಚಿಮ ಕರಾವಳಿಯ ಮಳೆಗಾಲದ ನಿಷೇಧವನ್ನು 61 ದಿನಗಳಿಗೆ ವಿಸ್ತರಿಸಲಾಯಿತು. 2017ರಲ್ಲಿ ರಾಷ್ಟ್ರೀಯ ಸಮುದ್ರ ಮೀನುಗಾರಿಕಾ ನೀತಿ ಪ್ರಕಟವಾಯಿತು. ಅದೇ ವರ್ಷ ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ದೇಶದ ಅನನ್ಯ ಆರ್ಥಿಕ ವಲಯದಲ್ಲಿ ನಿಷೇಧಿಸಲಾಯಿತು.

ಆದರೆ ಇವುಗಳಲ್ಲಿ ಒಂದು ಮಿತಿ ಉಳಿದಿದೆ. ಕರ್ನಾಟಕದಲ್ಲಿ ನಿಷೇಧ ಜೂನ್ 1ರಿಂದ ಜುಲೈ 31ರವರೆಗೆ ಎಂಬ ಸ್ಥಿರ ದಿನಾಂಕಕ್ಕೆ ಬದ್ಧವಾಗಿದೆ. ಮಳೆಯೂ ಮೀನು ಮೊಟ್ಟೆಯಿಡುವ ಕಾಲವೂ ಹಾಗೆ ಸ್ಥಿರವಲ್ಲ. ಮಳೆಗಾಲ ಕಳೆದು ಕಡಲಿಗಿಳಿಯುವ ಮುನ್ನ ಸಮುದ್ರಪೂಜೆ ಮಾಡಿ ಹಾಲು, ತೆಂಗಿನಕಾಯಿ ಅರ್ಪಿಸುವ ಮೊಗವೀರರ ಸಂಪ್ರದಾಯದಲ್ಲಿ ಋತುವನ್ನು ಗಮನಿಸುವ ವಿವೇಕವಿತ್ತು. ಆಡಳಿತದ ಪಂಚಾಂಗದಲ್ಲಿ ಆ ವಿವೇಕಕ್ಕೆ ಇನ್ನೂ ಸ್ಥಳ ದೊರೆತಿಲ್ಲ. ಮೀನಿನ ವಲಸೆಗೆ ರಾಜ್ಯಗಳ ಗಡಿಯಿಲ್ಲ, ನಿಯಂತ್ರಣ ಕಾಯಿದೆಗಳಿಗೆ ಇದೆ.

ತಪ್ಪು ನಿದಾನದ ಬೆಲೆ ಎಲ್ಲರ ಮೇಲೆ ಸಮನಾಗಿ ಬೀಳುವುದಿಲ್ಲ ಎಂಬುದು ಈ ಚರಿತ್ರೆಯ ಮುಖ್ಯ ಪಾಠ. ಮೀನು ಆಳಕ್ಕೋ ದೂರಕ್ಕೋ ಸರಿದಾಗ ದೊಡ್ಡ ದೋಣಿ ಬೆನ್ನಟ್ಟಬಲ್ಲದು, ನಾಡದೋಣಿ ಬೆನ್ನಟ್ಟಲಾರದು. ಕುಸಿತವನ್ನೆಲ್ಲ ಬಲೆಯ ತಲೆಗೆ ಕಟ್ಟಿದರೆ ದಡದ ಮೀನುಗಾರ ನಿರ್ಬಂಧಕ್ಕೆ ಸಿಲುಕುತ್ತಾನೆ. ಎಲ್ಲವನ್ನೂ ಹವಾಮಾನದ ತಲೆಗೆ ಕಟ್ಟಿದರೆ ಮರಿಮೀನಿನ ಬೇಟೆ ನಿರಾತಂಕವಾಗಿ ಸಾಗುತ್ತದೆ. ಕಡಲಿನ ಪಾಲು ಎಷ್ಟು, ಬಲೆಯ ಪಾಲು ಎಷ್ಟು ಎಂಬುದನ್ನು ವರ್ಷವರ್ಷವೂ ಅಳೆದು, ಅದಕ್ಕನುಗುಣವಾಗಿ ನಿಯಮವನ್ನು ತಿದ್ದುವ ಹಾಗೂ ಮೀನು ಬಾರದ ವರ್ಷದಲ್ಲಿ ಸಣ್ಣ ಮೀನುಗಾರನ ಜೀವನೋಪಾಯವನ್ನು ಕಾಯುವ ವ್ಯವಸ್ಥೆಯೇ ನಿಜವಾದ ಯೋಜನೆ ಎನಿಸಿಕೊಳ್ಳಬಲ್ಲದು. 1943ರ ನಿರ್ಬಂಧದ ವೈಫಲ್ಯವು ಈ ಅಗತ್ಯವನ್ನು ಆಗಲೇ ಸೂಚಿಸಿತ್ತು.